ಎರಡು ಬೆರಳಿನ ಎಸೆತ

11 ಜೂನ್ 1967

ಮೈಸೂರಿಗೆ ಹೋಗಿ ಬಂದೆ. ಅಲ್ಲಿಯ ಗಿರಣಿಯೊಂದರ ಕ್ರಿಕೆಟ್ ತಂಡಕ್ಕೆ ಬೌಲರ್ ಬೇಕು, ಆಯ್ಕೆಯಾದವನಿಗೆ ಗಿರಣಿಯಲ್ಲೇ ಕೆಲಸ ಎಂದು ಪತ್ರಿಕೆಯಲ್ಲಿ ಬಂದಿತ್ತು. ಎಸೆದದ್ದೆಲ್ಲ ನೋ-ಬಾಲ್. ಒಂದೆರಡಲ್ಲ, ಎಸೆದದ್ದೆಲ್ಲ. ಅಂಪೈರು ವಯಸ್ಸಾದವರು. ಕೈ ಚಾಚಿ ಚಾಚಿ ಕೊನೆಗೆ ಅವರ ಭುಜವೇ ನೋಯತೊಡಗಿತು. ನನ್ನನ್ನು ಹತ್ತಿರ ಕರೆದು, "ಮೊಣಕೈ ಮಡಿಸಿ ಎಸೀತೀರಲ್ಲ ಸ್ವಾಮಿ, ಇದು ಬೌಲಿಂಗ್ ಅಲ್ಲ, ಮಾವಿನಕಾಯಿಗೆ ಕಲ್ಲು ಹೊಡೆಯೋದು" ಎಂದರು. ಎದುರಿಗಿದ್ದ ಬ್ಯಾಟ್ಸ್‌ಮನ್‌ಗೆ ನನ್ನ ಒಂದು ಚೆಂಡೂ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಆಫೀಸಿನ ಕೆಲಸ ಎಂದು ಹೇಳಿ ಹೋಗಿದ್ದೆ. ನಮ್ಮೂರು ಅಗರಕ್ಕೆ ಬಂದು ಸೇರುವಾಗ ದೀಪ ಹಚ್ಚಿದ್ದರು. ಮೊನ್ನೆ ಬೇಸಿಗೆಯಲ್ಲಿ ಕೈಹಿಡಿದು ಬಂದ ಬಂಡಳ್ಳಿಯ ಹುಡುಗಿ ಕಾಲಿಗೆ ನೀರು ತಂದಿಟ್ಟು ಒಳಗೆ ಹೋದಳು. ಏನಾಯಿತೆಂದು ಕೇಳಲಿಲ್ಲ. ಅವ್ವ ಅವಳನ್ನು 'ಮದ್ರಾಸ್ ಕಡೇದು' ಎನ್ನುತ್ತಾಳೆ, ಕನ್ನಡ ನಾಡು ಒಂದಾಗುವವರೆಗೂ ಕೊಳ್ಳೇಗಾಲದ ಸೀಮೆ ಮದ್ರಾಸಿಗೆ ಸೇರಿತ್ತಲ್ಲ, ಅದಕ್ಕೆ. ಹುಡುಗಿಗೆ ಮಾತು ಕಡಿಮೆ. ನಾನೂ ಮಾತಿನ ಮನುಷ್ಯನಲ್ಲ. ಹೀಗೇ ಇದ್ದರೆ ಸಂಸಾರ ಸುಸೂತ್ರ.

3 ಜುಲೈ

ಯಳಂದೂರಿನ ನಮ್ಮ ಬ್ಲಾಕ್ ಆಫೀಸಿಗೆ ಒಬ್ಬ ಅಮೆರಿಕದವನು ಬಂದಿದ್ದಾನೆ. ರೈತರಿಗೆ ಕೋಳಿ ಸಾಕಣೆ ಕಲಿಸಲು ಎರಡು ವರ್ಷ ಇಲ್ಲೇ ಇರುತ್ತಾನಂತೆ. ಹೆಸರು ಕೆನೆತ್. ಆಫೀಸಿನ ಜವಾನ ಪುಟ್ಟಸಿದ್ದಯ್ಯ ಮಧ್ಯಾಹ್ನದೊಳಗೆ ಅದನ್ನು ಕೆಂಚಪ್ಪ ಎಂದು ಸರಿಪಡಿಸಿದ. ಆಳು ಬೇರೆ ಕೆಂಪಗೆ ಇರುವುದರಿಂದ ಹೆಸರು ಕೂಡಲೇ ಕೂತುಬಿಟ್ಟಿತು.

ಇಂಗ್ಲಿಷು ಬರುವ ಗುಮಾಸ್ತ ನಾನೊಬ್ಬನೇ ಎಂದು ಅವನ ಮಾತನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನಗೆ ಬಿತ್ತು. ನಾವು ಲಿಂಗ ಕಟ್ಟಿದವರು, ಕೋಳಿಯ ನೆರಳೂ ಆಗದು. ಅವ್ವ ಬಾಗಿಲಲ್ಲೇ ತಡೆದು, "ದಿನಾ ಸಂಜೆ ತಣ್ಣೀರ್ ಸುರ್ಕಂಡೇ ಒಳಕ್ ಬರ್ಬೇಕು" ಎಂದು ಅಪ್ಪಣೆ ಮಾಡಿದಳು.

16 ಜುಲೈ

ಇಂದು ನಡೆದದ್ದನ್ನು ವಿವರವಾಗಿ ಬರೆಯಬೇಕು.

ಕೆಂಚಪ್ಪ ನಮ್ಮೂರಿಗೇ ಬಂದು ಕೆರೆಯ ಹತ್ತಿರದ ಕೇರಿಯಲ್ಲಿ ಬಿಳಿ ಕೋಳಿಮರಿಗಳನ್ನು ಬಿಟ್ಟು ಭಾಷಣ ಮಾಡುತ್ತಿದ್ದ, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಹದ್ದೊಂದು ಎರಗಿ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಹೆಂಗಸರೆಲ್ಲ ಕೂಗಿದರು. ನಾನು ಯೋಚನೆ ಮಾಡದೆ ಹೊಲದಿಂದ ಒಂದು ಮಣ್ಣಿನ ಹೆಂಟೆ ಎತ್ತಿ ಬೀಸಿದೆ. ಹದ್ದು ಹುಣಸೆಮರದ ಎತ್ತರಕ್ಕೆ ಏರಿಬಿಟ್ಟಿತ್ತು. ಹೆಂಟೆ ಅದರ ಎದೆಗೇ ಬಡಿದು ಪುಡಿಯಾಯಿತು. ಮರಿ ಹುಲ್ಲಿನ ಮೇಲೆ ಬಿದ್ದು ಎದ್ದು ಓಡಿತು.

ಕೆಂಚಪ್ಪ ಭಾಷಣ ನಿಲ್ಲಿಸಿದ. ನನ್ನ ಬಲಗೈಯನ್ನು ಹಿಡಿದು, ಎತ್ತು ಕೊಳ್ಳುವವರು ನೋಡುವ ಹಾಗೆ ಭುಜದಿಂದ ಬೆರಳಿನವರೆಗೆ ಒತ್ತಿ ಒತ್ತಿ ನೋಡಿದ. "ಮತ್ತೆ ಎಸೆ" ಎಂದ. ಎಸೆದೆ. ಕೋಳಿಯ ವಿಷಯ ಅಲ್ಲಿಗೆ ಮುಗಿಯಿತು.

ಅವನ ಬಿಡಾರಕ್ಕೆ ಕರೆದುಕೊಂಡು ಹೋಗಿ ಟ್ರಂಕಿನಿಂದ ಬಿಳಿಯ ಚೆಂಡುಗಳನ್ನೂ ಎರಡು ದೊಡ್ಡ ಚರ್ಮದ ಕೈಗವಸುಗಳನ್ನೂ ತೆಗೆದ. ಅವನ ದೇಶದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಒಬ್ಬ ಎಸೆಯುತ್ತಾನೆ, ಎದುರಿನವನು ದುಂಡನೆಯ ದೊಣ್ಣೆಯಿಂದ ಹೊಡೆಯುತ್ತಾನೆ, ಹೊಡೆಯಲಾಗದಿದ್ದರೆ ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತವನು ಚೆಂಡು ಹಿಡಿಯುತ್ತಾನೆ. ಎಸೆಯುವವನಿಗೆ ಪಿಚರ್ ಎಂದು ಹೆಸರು. ಕೆಂಚಪ್ಪ ಒಂದು ಸಣ್ಣ ಊರಿನ ತಂಡದಲ್ಲಿ ಸಂಬಳದ ಪಿಚರ್ ಆಗಿದ್ದನಂತೆ.

"ಮೊಣಕೈ ಮಡಿಸಬಹುದೇ?" ಎಂದು ಕೇಳಿದೆ.

"ಮಡಿಸದಿದ್ದರೆ ಎಸೆಯುವುದು ಹೇಗೆ?" ಎಂದ.

ನನ್ನ ಮೊಣಕೈಗೂ ಒಂದು ದೇಶವಿದೆ ಎಂದು ಇಂದು ತಿಳಿಯಿತು.

20 ಜುಲೈ

ಕೆಂಚಪ್ಪ ಕೊಟ್ಟು, ನಾನು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಚೆಂಡು ಅವ್ವನ ಕೈಗೆ ಸಿಕ್ಕಿತು. ಸೆರಗಿನಲ್ಲಿ ಹಿಡಿದುಕೊಂಡು ಬಂದು, "ಯಾವ್ ಕೋಳೀದ್ಲಾ ಈ ಮೊಟ್ಟೆ, ಇಷ್ಟ್ ಗಟ್ಟಿ ಅದಲ್ಲ" ಎಂದಳು. ಮೊಟ್ಟೆಯಲ್ಲ, ಕುದುರೆ ಚರ್ಮದ ಚೆಂಡು ಎಂದೆ. ಕುದುರೆ ದೇವರ ವಾಹನವಾದ್ದರಿಂದ ತಕರಾರಾಗಲಿಲ್ಲ. ಕೈಗವಸು ಯಾವುದರ ಚರ್ಮವೆಂದು ಕೆಂಚಪ್ಪ ಹೇಳಿದ್ದಾನೆ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿಲ್ಲ. ಗವಸು ಕೊಟ್ಟಿಗೆಯ ಅಟ್ಟದ ಮೇಲಿದೆ.

ಅಪ್ಪನಿಗೆ ಬೇರೆ ಗಾಬರಿ. ಪುಟ್ಟಸಿದ್ದಯ್ಯ ಸಂತೆಯಲ್ಲಿ, "ನಿಮ್ ಮಗ ಪಿಚ್ಚರ್ ಆಯ್ತಾವ್ನೆ ಕಣ್ರಿ ಬಸವಣ್ಣೋರೆ" ಎಂದಿದ್ದಾನೆ. ಅಪ್ಪ ಮನೆಗೆ ಬಂದವರೇ, "ಲೇ ಸದಾಶಿವ, ಮುಖಕ್ಕೆ ಬಣ್ಣ ಬಳ್ಕಂಡು ಕುಣಿಯಕ್ ಓಯ್ತೀಯೇನ್ಲಾ? ನಮ್ ವಂಶದಲ್ಲಿ ಯಾರೂ ಪಿಚ್ಚರಲ್ಲಿ ಇರ್ನಿಲ್ಲ" ಎಂದರು. ಸಿನಿಮಾ ಅಲ್ಲ, ಚೆಂಡು ಎಸೆಯುವುದು ಎಂದು ಬಿಡಿಸಿ ಹೇಳಿದೆ. ಅಮೆರಿಕದಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ ಎಂದೆ.

"ಕಲ್ ಹೊಡಿಯಕ್ಕಾ?"

"ಹೂಂ."

ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಪಿಚ್ಚರೇ ವಾಸಿ" ಎಂದರು.

6 ಆಗಸ್ಟ್

ಚೆಂಡು ಹಿಡಿಯುವವರು ಸಿಕ್ಕದೆ ಅಭ್ಯಾಸ ನಿಂತಿದೆ. ಕೆಂಚಪ್ಪ ಭಾನುವಾರ ಹಿಡಿಯುತ್ತಾನೆ, ಉಳಿದ ದಿನ ಹನೂರಿನ ಕಡೆ ಕೋಳಿ ಹಂಚಲು ಹೋಗುತ್ತಾನೆ. ಪುಟ್ಟಸಿದ್ದಯ್ಯನನ್ನು ಕೂರಿಸಿದೆ. ಚೆಂಡು ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹೆಬ್ಬೆರಳು ಬದನೆಕಾಯಿಯಂತಾಗಿದೆ. "ಸಾ, ಜವಾನನ ಕೆಲ್ಸದಲ್ಲಿ ಇದು ಬರಕಿಲ್ಲ ಸಾ" ಎಂದು ಹೋದ. ಹುಲ್ಲಿನ ಮೆದೆಗೆ ಎಸೆದೆ. ಮೆದೆ ಒಂದು ಮಗ್ಗುಲಿಗೆ ವಾಲಿತು, ಅಪ್ಪ ಬೈದರು. ಹಿತ್ತಲ ಗೋಡೆಗೆ ಎಸೆದೆ. ಮಣ್ಣು ಉದುರಿತು, ಅವ್ವ ಬೈದಳು.

ಬಂಡಳ್ಳಿಯ ಹುಡುಗಿ ಹೊರಗೆ ಬಂದು, ಉದುರಿದ ಮಣ್ಣು ಗುಡಿಸಿ ಒಳಗೆ ಹೋದಳು.

13 ಆಗಸ್ಟ್

ಸಂಜೆ ಅಪ್ಪ ಗದ್ದೆಗೆ, ಅವ್ವ ಮಠಕ್ಕೆ ಹೋಗಿದ್ದರು. ಹಿತ್ತಲಲ್ಲಿ ಗೋಣಿಚೀಲ ತೂಗುಹಾಕಿ ಎಸೆಯುತ್ತಿದ್ದೆ. ಮನೆಯಾಕೆ ಬಂದು ಚೀಲವನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಅಟ್ಟದಿಂದ ಗವಸು ಅದಾಗಲೇ ತಂದಿದ್ದಳು. ಸೀರೆಯ ಕಚ್ಚೆ ಬಿಗಿದು ಕುಕ್ಕರುಗಾಲಲ್ಲಿ ಕೂತು, "ಎಸೀರಿ" ಎಂದಳು.

ಪೆಟ್ಟಾಗುತ್ತದೆ ಎಂದೆ.

"ನಮ್ಮೂರಲ್ಲಿ ಮನೆ ಹೆಂಚು ಇಳ್ಸಿ ಕೈಯಾಡ್ಸುವಾಗ ಅಣ್ಣದೀರು ಸೂರಿನ ಮ್ಯಾಲಿಂದ ಬಿಸಾಕ್ತಿದ್ರು. ಒಂದೂ ಬೀಳಿಸ್ದೋಳಲ್ಲ."

ಮೆಲ್ಲಗೆ ಎಸೆದೆ. ಹಿಡಿದು, ನನ್ನ ಎಸೆತಕ್ಕಿಂತ ಜೋರಾಗಿ ತಿರುಗಿ ಎಸೆದಳು. ಎರಡನೆಯದನ್ನು ಮೆಲ್ಲಗೆ ಎಸೆಯಲಿಲ್ಲ. ಹಿಡಿದಳು. ಗವಸಿನಲ್ಲಿ ಚೆಂಡು ಬಿದ್ದ ಸದ್ದಿಗೆ ಕೊಟ್ಟಿಗೆಯ ಎತ್ತು ತಲೆ ಎತ್ತಿ ನೋಡಿತು. ಕತ್ತಲಾಗಿ ಚೆಂಡು ಕಾಣದಾಗುವವರೆಗೆ ಎಸೆದೆ. ಒಟ್ಟಿನಲ್ಲಿ ಅಭ್ಯಾಸಕ್ಕೆ ಅನುಕೂಲವಾಯಿತು.

27 ಆಗಸ್ಟ್

ಕೆಂಚಪ್ಪ ಅವಳು ಹಿಡಿಯುವುದನ್ನು ನೋಡಿ ಬಹಳ ಹೊತ್ತು ಏನೋ ಹೇಳಿದ. "ಚೆನ್ನಾಗಿ ಹಿಡೀತೀಯಂತೆ" ಎಂದು ಅವಳಿಗೆ ಹೇಳಿದೆ. ಅವನು ಹೇಳಿದ್ದು ಅದಕ್ಕಿಂತ ಬಹಳ ಹೆಚ್ಚು. ಪಿಚರ್ ಬಗ್ಗೆ ಅದರಲ್ಲಿ ಏನೂ ಇರಲಿಲ್ಲವಾದ್ದರಿಂದ ಪೂರ್ತಿ ತಿರುಗಿಸುವ ಅಗತ್ಯ ಕಾಣಲಿಲ್ಲ.

ಅವರ ಆಟದಲ್ಲಿ ಯಾವ ಎಸೆತ ಬೇಕೆಂದು ಹಿಡಿಯುವವರು ಬೆರಳಿನಿಂದ ಹೇಳುತ್ತಾರಂತೆ. ಒಂದು ಬೆರಳೆಂದರೆ ನೇರ ಚೆಂಡು. ಎರಡೆಂದರೆ ಡೊಂಕು ಚೆಂಡು, ಬಂದಹಾಗೆ ಬಂದು ಕೊನೆಯಲ್ಲಿ ಓರೆಯಾಗಿ ಇಳಿಯುವಂಥದು. ಮೂರೆಂದರೆ ನಿಧಾನದ ಚೆಂಡು. ಎಸೆಯುವವನು ಅವರು ಹೇಳಿದಂತೆ ಕೇಳಬೇಕು. ಇದು ನನಗೆ ಹಿಡಿಸಲಿಲ್ಲ. ಗಂಡಸಾದವನು ಹೆಂಡತಿಯ ಬೆರಳು ನೋಡಿಕೊಂಡು ಎಸೆಯುವುದೇ? ಅವಳು ಒಂದು ತೋರಿಸಿದಾಗ ನಾನು ಡೊಂಕು ಎಸೆದೆ. ಚೆಂಡು ಹೋಗಿ ಬಚ್ಚಲಿನ ಹಂಡೆಗೆ ಬಿತ್ತು.

5 ಸೆಪ್ಟೆಂಬರ್

ಬೆರಳು ನೋಡಿ ಎಸೆದೆ. ಒಂದೂ ತಪ್ಪಲಿಲ್ಲ. ಕಾಕತಾಳೀಯ ಇರಬಹುದು.

10 ಸೆಪ್ಟೆಂಬರ್

ಊಟಕ್ಕೆ ಕೂತಾಗ ಒಂದು ತಮಾಷೆ ನಡೆಯಿತು. ಅವ್ವನ ಎದುರು ಸೊಸೆ ಗಂಡನ ಜೊತೆ ಮಾತಾಡುವಂತಿಲ್ಲ. ಬಡಿಸಲು ಬಂದ ಸುವರ್ಣಮ್ಮ ಸೆರಗಿನ ಮರೆಯಲ್ಲಿ ಮೊದಲು ಒಂದು ಬೆರಳು, ಆಮೇಲೆ ಎರಡು ಬೆರಳು ತೋರಿಸಿದಳು. ಒಂದು ಮುದ್ದೆಯೋ ಎರಡೋ ಎಂದು ಅರ್ಥ. ನಾನೂ ಎರಡು ಬೆರಳು ತೋರಿಸಿದೆ. ಹಸಿವು ಒಂದೇ ಮುದ್ದೆಯದಾಗಿತ್ತು. ಹೇಗೋ ತಿಂದೆ. ಬೆರಳು ಗುರುತಿಸುವ ಅಭ್ಯಾಸ ಮನೆಯಲ್ಲೂ ನಡೆಯುವುದು ಒಳ್ಳೆಯದು.

ಈಗ ಮುಷ್ಟಿ ಹಿಡಿದರೆ ಅವ್ವನಿಗೆ ಸಿಟ್ಟು ಬಂದಿದೆ ಎಂದು. ಕಿರುಬೆರಳು ಎಂದರೆ ಏನೆಂದು ಇನ್ನೂ ಹೇಳಿಲ್ಲ. ಕೇಳಿದರೆ ನಗುತ್ತಾಳೆ.

24 ಸೆಪ್ಟೆಂಬರ್

ಕೆಂಚಪ್ಪನ ಜೊತೆ ಸುವರ್ಣಾವತಿ ಹೊಳೆಯ ಕಡೆ ಹೋಗಿದ್ದೆ. ಅವನು ಸಂಬಳದ ಆಟ ಬಿಟ್ಟದ್ದೇಕೆ ಎಂದು ಕೇಳಿದೆ. ಭುಜ ಹೋಯಿತಂತೆ. ತಂಡದ ಹುಡುಗರೆಲ್ಲ ಒಂದು ಹಳೇ ಬಸ್ಸಿನಲ್ಲಿ ಊರಿಂದ ಊರಿಗೆ ಹೋಗಿ ಆಡುತ್ತಿದ್ದರಂತೆ. ಬಸ್ಸಿನಲ್ಲೇ ನಿದ್ದೆ, ಬಸ್ಸಿನಲ್ಲೇ ಊಟ. ದೊಡ್ಡ ತಂಡದವರು ಯಾವತ್ತಾದರೂ ಬಂದು ನೋಡಿಯಾರು ಎಂದು ಎಲ್ಲರಿಗೂ ಆಸೆ. ಒಂದು ಬೆಳಿಗ್ಗೆ ಎದ್ದರೆ ಕೈ ಕಿವಿಯವರೆಗೂ ಏಳಲಿಲ್ಲ. ತಂಡದ ಯಜಮಾನ ಕೈಕುಲುಕಿ, ಎಡಗೈಯನ್ನೇ ಕುಲುಕಿ, ಕಳಿಸಿಬಿಟ್ಟ.

"ಆಡಿದ ಊರುಗಳ ಹೆಸರು ಮರೆತಿದೆ" ಎಂದ. "ನನ್ನ ಚೆಂಡು ಹಿಡಿಯುತ್ತಿದ್ದವನ ಹೆಸರು ಮಾತ್ರ ಮರೆತಿಲ್ಲ."

ಮನೆಗೆ ಬಂದು ಇದನ್ನು ಸುವರ್ಣಮ್ಮನಿಗೆ ಹೇಳಿದೆ. "ಪಾಪ, ಆ ಕೈಗೆ ಬೇವಿನೆಣ್ಣೆ ಕಾಯ್ಸಿ ತಿಕ್ಕೋರು ಯಾರೂ ಇರ್ನಿಲ್ವಾ?" ಎಂದಳು. ಆಮೇಲೆ ಎಣ್ಣೆ ಕಾಯಿಸಿ ತಂದು ನನ್ನ ಭುಜಕ್ಕೆ ತಿಕ್ಕಿದಳು. ನನಗೇನೂ ನೋವಿರಲಿಲ್ಲ. ಹಾಗೆಂದು ಹೇಳಲಿಲ್ಲ.

5 ಅಕ್ಟೋಬರ್

ನಾನು ಇಂದಿನಿಂದ ವೃತ್ತಿಪರ ಪಿಚರ್.

ಕೊಳ್ಳೇಗಾಲದ ಅಕ್ಕಿ ಗಿರಣಿಯ ಚಿಕ್ಕಮಾದಪ್ಪನವರು ಹೇಳಿಕಳಿಸಿದ್ದರು. ರಾಜ್ಯೋತ್ಸವಕ್ಕೆ ಅವರ ಎದುರಾಳಿ ಜವಳಿ ವ್ಯಾಪಾರಿ ಪ್ರತಿ ವರ್ಷ ನಾಟಕ ಆಡಿಸಿ ಹೆಸರು ಮಾಡುತ್ತಾನೆ. ಈ ಸಲ ಯಾರೂ ಕಂಡುಕೇಳದ್ದನ್ನು ಮಾಡಿಸಬೇಕೆಂದು ಇವರ ಹಟ. ಕೆಂಚಪ್ಪನ ಜೊತೆಯ ಅಮೆರಿಕದ ಹುಡುಗರು ಮೈಸೂರು, ಮಂಡ್ಯ, ಹಾಸನದ ಕಡೆಯಿಂದ ಬಂದು ನಮ್ಮವರ ಮೇಲೆ ಆಡುತ್ತಾರೆ. ಗಿರಣಿಯ ಹಮಾಲಿಗಳೂ ಗುಮಾಸ್ತರೂ ನಮ್ಮ ತಂಡ.

"ಎಸೆಯೋನು ಪಕ್ಕಾ ಇರ್ಬೇಕು ಕಣಪ್ಪ" ಎಂದರು ಚಿಕ್ಕಮಾದಪ್ಪ. "ನಂ ಮಿಲ್ಲಿಗೆ ಬಂದ್ಬುಡು. ತಿಂಗಳಾ ಸಂಬ್ಳ, ಅಕ್ಕಿ, ಮಿಲ್ಲಿನ ಹಿಂದ್ಗಡೆ ಒಂದ್ ಮನೆ. ಕೆಲ್ಸ ಅಂದ್ರೆ ಎಸೆಯೋದೇ."

ಆಫೀಸಿನಲ್ಲಿ ರಜೆ ಕೇಳಿದೆ, ಕೊಡಲಿಲ್ಲ. ನನ್ನದು ಹೇಗೂ ತಾತ್ಕಾಲಿಕ ಹುದ್ದೆ. ರಾಜೀನಾಮೆ ಬರೆದುಕೊಟ್ಟೆ. ಪುಟ್ಟಸಿದ್ದಯ್ಯ ಅತ್ತ. ಅಪ್ಪ ಮಾತು ಬಿಟ್ಟಿದ್ದಾರೆ. ಎದುರಿಗೆ ಬಂದರೆ ಎತ್ತಿನ ಜೊತೆ ಮಾತಾಡುತ್ತಾರೆ: "ನೋಡಪ್ಪ ಬಸವ, ಸರ್ಕಾರಿ ಕೆಲ್ಸ ಬುಟ್ಟು ಕಲ್ ಹೊಡಿಯಕ್ ಹೋದೋರ ಕತೆ."

ಸುವರ್ಣಮ್ಮನನ್ನು ಏನನ್ನಿಸುತ್ತದೆ ಎಂದು ಕೇಳಿದೆ. ಬೆರಳು ತೋರಿಸಲಿಲ್ಲ, ಬಾಯಿಬಿಟ್ಟೇ ಹೇಳಿದಳು: "ಡೊಂಕು ಚೆಂಡು ಇನ್ನೂ ನೂರಕ್ಕೆ ನೂರು ಬರ್ತಿಲ್ಲ. ಅದನ್ನ ನೋಡ್ಕಳಿ."

22 ಅಕ್ಟೋಬರ್

ಪಂದ್ಯಕ್ಕೆ ಚೆಂಡು ಹಿಡಿಯುವವರು ಯಾರು ಎಂಬ ಪ್ರಶ್ನೆ. ಕೆಂಚಪ್ಪ ಹಿಡಿಯುವುದೆಂದಿತ್ತು. ಅವನ ಕಡೆಯವರಿಗೆ ಒಬ್ಬ ಕಡಿಮೆ ಬಿದ್ದು ಅತ್ತ ಹೋಗಬೇಕಾಗಿದೆ. ಹೆಂಗಸು ಬಯಲಿಗೆ ಇಳಿದು ಆಡುವುದು ಈ ಸೀಮೆಯಲ್ಲಿ ಆಗದ ಮಾತು. ನಾನು ಆ ಮಾತು ಎತ್ತಿದ್ದಕ್ಕೇ ಚಿಕ್ಕಮಾದಪ್ಪನವರು ನೀರು ತರಿಸಿ ಕುಡಿದರು. ಕೊನೆಗೆ ಪುಟ್ಟಸಿದ್ದಯ್ಯನ ಕೈಕಾಲು ಹಿಡಿದು ಒಪ್ಪಿಸಿದೆ. ಅವನ ಒಂದೇ ಷರತ್ತು, ಕಣ್ಣು ಮುಚ್ಚಿದರೆ ಬೈಯಬಾರದು.

1 ನವೆಂಬರ್

ಇಂದಿನದನ್ನು ಹೇಗೆ ಬರೆಯುವುದೋ.

ಹನೂರು ರಸ್ತೆಯ ಬಯಲಿನಲ್ಲಿ ಬೆಳಿಗ್ಗೆಯಿಂದಲೇ ಜನ. ಒಂದು ಮಗ್ಗುಲಿಗೆ ಗಂಡಸರು, ಇನ್ನೊಂದು ಮಗ್ಗುಲಲ್ಲಿ, ಹೊಡೆಯುವವರ ಬೆನ್ನಿನ ಕಡೆಗೆ, ಹುಣಸೆಮರಗಳ ಕೆಳಗೆ ಹೆಂಗಸರು. ನಮ್ಮ ಗಾಡಿಯಲ್ಲಿ ಅಪ್ಪ, ಅವ್ವ, ಸುವರ್ಣ ಬಂದಿದ್ದರು. ಅಪ್ಪ ನೋಡಲು ಬಂದದ್ದಲ್ಲವಂತೆ, ಎತ್ತಿಗೆ ಲಾಳ ಕಟ್ಟಿಸಲು ಬಂದದ್ದಂತೆ.

ನಾನು ಎಸೆಯಲು ನಿಂತೆ. ಎದುರಿಗೆ ಪುಟ್ಟಸಿದ್ದಯ್ಯ ಕಣ್ಣು ಮುಚ್ಚಿ ಶಿವನಾಮ ಜಪಿಸುತ್ತ ಕೂತಿದ್ದ. ಮೊದಲನೆಯ ಎಸೆತ ಎಲ್ಲೋ ಹೋಯಿತು. ಎರಡನೆಯದೂ. ನಾಲ್ಕು ಸಲ ಹಾಗಾದರೆ ಹೊಡೆಯುವವನು ನಡೆದುಕೊಂಡೇ ಗುರುತು ಹಾಕಿದ ನಾಲ್ಕು ಮೂಲೆಗಳಲ್ಲಿ ಮುಂದಿನದಕ್ಕೆ ಹೋಗಬಹುದು, ನಾಲ್ಕೂ ಸುತ್ತಿದರೆ ಒಂದು ಅಂಕ ಎಂದು ಆ ಆಟದ ನಿಯಮ. ಒಬ್ಬ ನಡೆದ. ಇನ್ನೊಬ್ಬ ನಡೆದ. ಜನ ರೇಗಿದರು. "ಹೊಡೀದೆ ನಡ್ಕಂಡೇ ಓಯ್ತಾವ್ರಲ್ಲ, ಇದ್ಯಾವ್ ಆಟ? ನಾವೂ ನಡ್ಕಂಡೇ ಮನೆಗ್ ಓಯ್ತೀವಿ" ಎಂದು ಯಾರೋ ಕೂಗಿದರು. ವೇದಿಕೆಯ ಮೇಲೆ ಚಿಕ್ಕಮಾದಪ್ಪನವರು ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಚೆಂಡನ್ನು ಅಂಗಿಗೆ ಒರೆಸಿದೆ.

ತಲೆ ಎತ್ತಿ ನೋಡಿದರೆ, ಪುಟ್ಟಸಿದ್ದಯ್ಯನ ನೇರಕ್ಕೆ ಹಿಂದೆ, ಹೆಂಗಸರ ಮುಂದಿನ ಸಾಲಿನಲ್ಲಿ ಸುವರ್ಣ ಕೂತಿದ್ದಳು. ಸೆರಗು ತಲೆಯ ಮೇಲಿತ್ತು, ಕೈ ಮಂಡಿಯ ಮೇಲಿತ್ತು. ಮಂಡಿಯ ಮೇಲೆ ಎರಡು ಬೆರಳು.

ಡೊಂಕು ಚೆಂಡು ಎಸೆದೆ. ಕೆಂಪು ಗಡ್ಡದ ಅಮೆರಿಕದವನು ದೊಣ್ಣೆ ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ನೆಲಕ್ಕೆ ಕೂತ. ಬಯಲೆಲ್ಲ ಕೇಕೆ. ಚೆಂಡು ಪುಟ್ಟಸಿದ್ದಯ್ಯನ ಹೊಟ್ಟೆಗೆ ಬಡಿದು ಅಲ್ಲೇ ನಿಂತಿತು, ಅವನು ಹಿಡಿದನೆಂದೇ ಎಲ್ಲರೂ ತಿಳಿದರು. ಆಮೇಲೆ ಒಂದು ಬೆರಳು. ಮತ್ತೆ ಎರಡು. ಒಮ್ಮೆ ಮೂರು. ಯಾರಿಗೂ ನನ್ನ ಚೆಂಡು ಸಿಗಲಿಲ್ಲ. ಆ ಹೊತ್ತು ನನಗೆ ಬಯಲೂ ಜನವೂ ಕಾಣಲಿಲ್ಲ, ಆ ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ.

ಆದರೆ ಜನಕ್ಕೆ ನಾನು ಕಾಣುತ್ತಿದ್ದೆ. ಪ್ರತಿ ಸಲ ಎಸೆಯುವ ಮುಂಚೆ ಹೆಂಗಸರ ಕಡೆ ಕಣ್ಣು ನೆಟ್ಟು ನಿಂತು, ತಲೆಯಾಡಿಸಿ, ಆಮೇಲೆ ಎಸೆಯುತ್ತಾನೆ ಎಂದು ಗುಸುಗುಸು ಎದ್ದಿತು. ಗುಂಪು ಸೀಳಿಕೊಂಡು ಅಪ್ಪ ಬಯಲಿನ ನಡುವಿಗೇ ಬಂದುಬಿಟ್ಟರು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು:

"ಲೇ, ಎಂಗಸ್ರ ಕಡೆ ಅದೇನ್ಲಾ ನೋಡ್ತಾ ನಿಂತಿದ್ದೀಯೆ?"

"ಅಪ್ಪ, ನೋಡ್ತಿರೋದು ನನ್ನ ಹೆಂಡತೀನ."

"ಇನ್ನೂ ಮಾನಗೇಡು ಕಣ್ಲಾ. ಕಟ್ಕಂಡೋಳ್ನ ಬಯಲಲ್ ನಿಂತ್ಕಂಡು ನೋಡ್ತಾರಾ?"

ಅಷ್ಟರಲ್ಲಿ ಅವ್ವನಿಗೂ ವಿಷಯ ಮುಟ್ಟಿತ್ತು. ಎದ್ದು ಬಂದು ಸುವರ್ಣಳ ಮುಂದೆ ಬೆನ್ನು ಹಾಕಿ ಕೂತುಬಿಟ್ಟಳು. ಅವ್ವ ಅಗಲದ ಹೆಂಗಸು. ಬೆರಳೂ ಕಾಣಲಿಲ್ಲ, ಸುವರ್ಣಳೂ ಕಾಣಲಿಲ್ಲ.

ಹೊಡೆಯಲು ಬಂದವನು ಕೆಂಚಪ್ಪ. ಏನು ಎಸೆಯಲಿ? ಯೋಚಿಸಿ ಯೋಚಿಸಿ ಕೊನೆಗೆ ನೇರ ಚೆಂಡು ಎಸೆದೆ. ಅವನು ಅದನ್ನೇ ಕಾಯುತ್ತಿದ್ದ. ಚೆಂಡು ಬಯಲು ದಾಟಿ, ರಸ್ತೆ ದಾಟಿ, ಕಬ್ಬಿನ ಗದ್ದೆಯೊಳಗೆ ಬಿತ್ತು. ಕೆಂಚಪ್ಪ ನಾಲ್ಕು ಮೂಲೆಯನ್ನೂ ಸುತ್ತುತ್ತ ಮಗುವಿನಂತೆ ನಗುತ್ತಿದ್ದ. ನಾವು ಸೋತೆವು. ಜನ ಮಾತ್ರ ಅವನನ್ನೂ ನನ್ನನ್ನೂ ಒಟ್ಟಿಗೆ ಹೆಗಲ ಮೇಲೆ ಹೊತ್ತರು. ಸೋತವರನ್ನು ಹೊರಬಾರದೆಂದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ಗಾಡಿಯಲ್ಲಿ ಅಗರಕ್ಕೆ ಹಿಂದಿರುಗಿದೆವು. ಇಳಿಯುವಾಗ ಸುವರ್ಣ ಮೆಲ್ಲಗೆ, "ಕೊನೇದು ಎರಡು ಬೆರಳಿತ್ತು" ಎಂದಳು.

3 ನವೆಂಬರ್

ಅವ್ವ ತೀರ್ಮಾನ ಹೇಳಿದಳು: "ಊರೆಲ್ಲ ಆಡ್ಕತಾದೆ. ಕೂಸು ಸ್ವಲ್ಪ ದಿನ ಬಂಡಳ್ಳೀಲಿ ಇದ್ಕಂಡು ನಡತೆ ಕಲ್ತು ಬರ್ಲಿ." ಸುವರ್ಣ ಒಳಗೆ ಸೀರೆ ಮಡಿಸುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದೆ. ಕೈ ನನಗೆ ಕಾಣುವ ಹಾಗೇ ಇತ್ತು. ಯಾವ ಬೆರಳೂ ತೋರಿಸಲಿಲ್ಲ.

ನಾನು ಅವ್ವನಿಗೆ ಎದುರು ಮಾತಾಡಿದವನಲ್ಲ. ಇಂದು ಆಡಿದೆ. "ಅವಳು ಬಂಡಳ್ಳಿಗೆ ಹೋಗಲ್ಲ. ನನ್ನ ಜೊತೆ ಕೊಳ್ಳೇಗಾಲಕ್ಕೆ ಬರ್ತಾಳೆ. ಮಿಲ್ಲಿನ ಮನೆ ಇದೆ" ಎಂದೆ. ಮೂರು ಜನವೂ ನನ್ನನ್ನೇ ನೋಡಿದರು. ಹಿಡಿಯುವವರಿಲ್ಲದೆ ಎಸೆಯುವವನು ಏನು ಮಾಡಲು ಸಾಧ್ಯ? ಇದೆಲ್ಲ ವೃತ್ತಿಯ ಸಲುವಾಗಿ.

ಅಪ್ಪ ಎತ್ತು ಹೂಡಿ ನಮ್ಮನ್ನು ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಬಿಟ್ಟು ಹೋದರು. ಅಕ್ಕಿ, ರಾಗಿ, ಒಂದು ಕುಕ್ಕೆ ಪಾತ್ರೆ ಇಳಿಸಿ, ಎತ್ತಿಗೆ ಹೇಳಿದರು: "ನಡಿ ಬಸವ. ನೋಡಿದ್ದು ಕಟ್ಕಂಡೋಳ್ನೇ ತಾನೆ."

10 ಡಿಸೆಂಬರ್

ಬರೆಯದೆ ಬಹಳ ದಿನವಾಯಿತು. ಬರೆಯಲು ಕೂತರೆ ಸುವರ್ಣ ಏನಾದರೂ ಮಾತು ತೆಗೆಯುತ್ತಾಳೆ. ಇಷ್ಟು ಮಾತನ್ನು ಇಷ್ಟು ದಿನ ಎಲ್ಲಿಟ್ಟಿದ್ದಳೋ. ಅರ್ಧ ಕನ್ನಡ, ಅರ್ಧ ತಮಿಳು. ಸಿಟ್ಟು ಬಂದರೆ ಪೂರ್ತಿ ತಮಿಳು.

ವೃತ್ತಿಯ ಸಂಗತಿ: ಚಿಕ್ಕಮಾದಪ್ಪನವರು, "ಎದುರ್ ತಂಡವೇ ಇಲ್ವಲ್ಲಪ್ಪ. ಸದ್ಯಕ್ಕೆ ಮೂಟೆ ತೂಕ ನೋಡ್ಕ. ಆಟ ಬಂದಾಗ ಎಸೆಯೋವಂತೆ" ಎಂದರು. ಈಗ ತಕ್ಕಡಿಯ ಪಕ್ಕ ನಿಲ್ಲುತ್ತೇನೆ. ರೈತರು ಈಗಲೂ 'ಪಿಚ್ಚರಪ್ಪ' ಎಂದೇ ಕರೆಯುತ್ತಾರೆ. ಸಂಜೆ ಮಿಲ್ಲಿನ ಹಿಂದೆ, ಹೊಟ್ಟಿನ ರಾಶಿಯ ಪಕ್ಕದಲ್ಲಿ ಅಭ್ಯಾಸ ತಪ್ಪಿಲ್ಲ.

18 ಫೆಬ್ರವರಿ 1968

ಸುವರ್ಣ ಇಂದು ಗವಸು ಹಾಕಿಕೊಳ್ಳಲಿಲ್ಲ. ಹೊಟ್ಟಿನ ರಾಶಿಗೆ ಒರಗಿ ಕೂತು ಮೂರು ಬೆರಳು ತೋರಿಸಿದಳು.

"ನಿಧಾನದ ಚೆಂಡಾ?" ಎಂದೆ.

"ಹೂಂ, ನಿಧಾನದ್ದೇ. ಭಾದ್ರಪದಕ್ಕೆ ಬರ್ತದೆ" ಎಂದಳು.

ನಾನು ಎಸೆಯುವ ಭಂಗಿಯಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ. ಅವಳು ಎದ್ದು ಬಂದು ನನ್ನ ಕೈಯಿಂದ ಚೆಂಡು ತೆಗೆದುಕೊಂಡಳು.

3 ಮಾರ್ಚ್

ಅವ್ವ ಬಂದಿದ್ದಳು. ಕೊಬ್ಬರಿ ಮಿಠಾಯಿ, ಮಾವಿನ ಮಿಡಿ ಉಪ್ಪಿನಕಾಯಿ. ಸುವರ್ಣಳನ್ನು ಕೂರಿಸಿ ತಲೆ ಬಾಚಿದಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅವ್ಳ ಮುಂದೆ ಆ ಕುದುರೆ ಚೆಂಡು ಎಸೆದ್ರೆ ನಿನ್ ಕೈ ಮುರೀತೀನಿ" ಎಂದಳು.

7 ಜುಲೈ

ಸುವರ್ಣಳನ್ನು ಹೆರಿಗೆಗೆ ಬಂಡಳ್ಳಿಗೆ ಬಿಟ್ಟು ಬಂದೆ. ಭಾನುವಾರವಾದ್ದರಿಂದ ಕೆಂಚಪ್ಪ ಬಂದಿದ್ದ. ಅವನು ಕೂತ, ನಾನು ಎಸೆದೆ. ಒಂದೂ ಸರಿಯಾಗಿ ಬೀಳಲಿಲ್ಲ. "ಭುಜ ನೋಯುತ್ತಿದೆಯೇ?" ಎಂದು ಕೇಳಿದ. ಇಲ್ಲ ಎಂದೆ. ಅವನು ಗವಸು ತೆಗೆದಿಟ್ಟು, ಇಬ್ಬರಿಗೂ ಕಾಫಿ ಮಾಡಿದ. ಬಹಳ ಕೆಟ್ಟ ಕಾಫಿ.

ಈ ಮನೆ ಯಾಕೋ ವಿಪರೀತ ನಿಶ್ಶಬ್ದ. ಬೇರೆ ಮನೆ ಕೊಡುತ್ತಾರೆಯೇ ಎಂದು ಚಿಕ್ಕಮಾದಪ್ಪನವರನ್ನು ಕೇಳಬೇಕು.

15 ಸೆಪ್ಟೆಂಬರ್

ಹೆಣ್ಣು ಮಗು. ಇಬ್ಬರೂ ಕ್ಷೇಮ. ಬೇರೇನೂ ಬರೆಯಲು ತೋಚುತ್ತಿಲ್ಲ.

19 ಜನವರಿ 1969

ಗಣರಾಜ್ಯ ದಿನಕ್ಕೆ ಮತ್ತೆ ಪಂದ್ಯ. ಕೆಂಚಪ್ಪನ ಗೆಳೆಯರು ಊರಿಗೆ ಹಿಂದಿರುಗುವ ಮುಂಚೆ ಕೊನೆಯದಾಗಿ ಬರುತ್ತಾರಂತೆ. ಈ ಸಲ ಬೆಂಗಳೂರಿನ ದೈಹಿಕ ಶಿಕ್ಷಣದವರು ಯಾರೋ ನೋಡಲು ಬರುತ್ತಾರೆ, ಹಿಡಿಸಿದರೆ ಅಲ್ಲಿ ಹೊಸದಾಗಿ ಕಟ್ಟುತ್ತಿರುವ ತಂಡಕ್ಕೆ ಕರೆಯಬಹುದು ಎಂದು ಕೆಂಚಪ್ಪ ಓಡಿಬಂದು ಹೇಳಿದ. ಆ ದಿನ ಆಗದು ಎಂದೆ. ಮಗುವಿಗೆ ಐದನೇ ತಿಂಗಳು, ಕರೆತರಲು ಮಾವನವರು ಅದೇ ದಿನ ಗೊತ್ತು ಮಾಡಿದ್ದಾರೆ. ಇನ್ನೊಂದು ದಿನ ಕರೆತಂದರಾಗದೇ ಎಂದು ಕೇಳಿದ. ಅದು ಹೇಗಾಗುತ್ತದೆ? ಒಳ್ಳೆಯ ದಿನ ನೋಡಿಟ್ಟಿರುತ್ತಾರೆ. ಅಮೆರಿಕದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಎಸೆಯಲು ಪುಟ್ಟಸಿದ್ದಯ್ಯನನ್ನು ಒಪ್ಪಿಸಿದೆ. ಹಿಡಿಯುವುದಕ್ಕಿಂತ ಅದು ವಾಸಿ ಎಂದು ಖುಷಿಯಾಗಿ ಒಪ್ಪಿದ.

26 ಜನವರಿ

ಬಂಡಳ್ಳಿಯಿಂದ ಬೆಳಗಿನ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಟ್ಟ. ಮಗು ಕಾಮಗೆರೆಯವರೆಗೂ ಅತ್ತು ಆಮೇಲೆ ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಹೆಸರೇನಿಡುವುದೆಂದು ನಾವಿಬ್ಬರೂ ದಾರಿಯುದ್ದಕ್ಕೂ ಜಗಳವಾಡಿದೆವು. ಅವಳಿಗೆ ತನ್ನ ಅಜ್ಜಿಯ ಹೆಸರು ಗೋವಿಂದಮ್ಮ ಬೇಕು, ಲಿಂಗವಂತರಲ್ಲಿ ಆ ಹೆಸರು ಯಾರಿಟ್ಟಾರು ಎಂದು ನಾನು. ಅಜ್ಜಿ ಹುಟ್ಟಿದಾಗ ಪಕ್ಕದ ಮನೆಯಾಕೆ ಇಟ್ಟದ್ದಂತೆ, ಆಕೆ ಒಳ್ಳೆಯ ಹೆಂಗಸಂತೆ. ಇದು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ.

ಬಯಲಿನ ಹತ್ತಿರ ರಸ್ತೆಯ ತುಂಬ ಜನ ಸೇರಿದ್ದರಿಂದ ಬಸ್ಸು ನಿಂತಿತು. ಆಟ ಜೋರಾಗಿ ನಡೆದಿತ್ತು. ಪುಟ್ಟಸಿದ್ದಯ್ಯ ಎಸೆಯುತ್ತಿದ್ದ, ಕಣ್ಣು ಮುಚ್ಚಿಕೊಂಡೇ.

"ಪಿಚ್ಚರಪ್ಪೋರೆ, ನಿಮ್ದೇ ಆಟ. ಇಳ್ಕತೀರಾ?" ಎಂದ ಕಂಡಕ್ಟರು.

"ಇಳಿದು ಹೋಗ್ಬನ್ನಿ. ಮಗೂನ ನಾ ಎತ್ಕತೀನಿ" ಎಂದಳು ಸುವರ್ಣ.

ಈಗತಾನೆ ಮಲಗಿದೆ, ಅಲುಗಾಡಿಸಿದರೆ ಏಳುತ್ತದೆ ಎಂದೆ. ಬಸ್ಸು ಹೊರಟಿತು.

ಮನೆಗೆ ಬಂದು ಬೀಗ ತೆಗೆದು, ಒಲೆ ಹಚ್ಚಿ, ಎರಡು ಹಂಡೆ ನೀರು ಕಾಯಿಸಿದೆ. ಸಂಜೆ ಕೆಂಚಪ್ಪ, ಪುಟ್ಟಸಿದ್ದಯ್ಯ, ಮಿಲ್ಲಿನವರೆಲ್ಲ ಮಗು ನೋಡಲು ಬಂದು ಪಂದ್ಯದ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಯಾರು ಗೆದ್ದರೆಂದೂ ಹೇಳಿದರು. ಬರೆದಿಡೋಣವೆಂದು ಕೂತರೆ ಯಾರೆಂದು ನೆನಪಿಗೆ ಬರುತ್ತಿಲ್ಲ.